ಉಪ್ಪು ನೀರಾಗುವ ಊರಿನಲ್ಲಿ ಜರ್ಬಿಲ್ ಸಾಕುವುದು ಹೇಗೆ?

ಬೇಸಿಗೆ ರಜೆ ಮುಗಿಸಿ ಮಕ್ಕಳು ಹೊರಟ ಮೇಲೆ ಕೊಡಗಿನ ಕೆಲವು ಮನೆಗಳಲ್ಲಿ ಒಂದು ಪಂಜರ ಉಳಿದುಕೊಳ್ಳುತ್ತದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ತಂದ, ಅಂಗೈಯಲ್ಲಿ ಕೂರುವಷ್ಟು ದೊಡ್ಡ, ಬಾಲದ ತುದಿಯಲ್ಲಿ ಕುಚ್ಚಿರುವ, ಇಲಿಯಂಥ ಎರಡು ಜರ್ಬಿಲ್‌ಗಳು ಅದರೊಳಗೆ ಮಣ್ಣು ಕೆದರುವಂತೆ ಹಾಸನ್ನು ಕೆದರುತ್ತಿರುತ್ತವೆ. ನಮ್ಮ ಮನೆಗೂ ಅವು ಹಾಗೆಯೇ ಬಂದವು. ಮೇ ತಿಂಗಳಲ್ಲಿ ಅವುಗಳ ತುಪ್ಪಳ ನಯವಾಗಿ ಹೊಳೆಯುತ್ತಿತ್ತು. ಜೂನ್ ಮೂರನೆಯ ವಾರಕ್ಕೆ ಅದೇ ತುಪ್ಪಳ ಎಣ್ಣೆ ಸುರಿದಂತೆ ಅಂಟಿಕೊಂಡು ಮುಳ್ಳುಮುಳ್ಳಾಗಿ ನಿಂತಿತು. ಒಂದರ ಮೂಗಿನ ಸುತ್ತ ಕೂದಲು ಉದುರಿ ಕೆಂಪಾಯಿತು. ಮಾರಿದ ಅಂಗಡಿಗೆ ಫೋನ್ ಮಾಡಿದರೆ, ಇವೂ ಹ್ಯಾಮ್‌ಸ್ಟರ್‌ನಂತೆಯೇ, ಮಳೆಯಿಂದ ಏನೂ ಆಗುವುದಿಲ್ಲ ಎಂಬ ಉತ್ತರ ಬಂತು.

ಆಗುತ್ತದೆ. ಕೊಡಗಿನಲ್ಲಂತೂ ಖಂಡಿತ ಆಗುತ್ತದೆ. ಜರ್ಬಿಲ್ ಸಾಕುವ ಬಗ್ಗೆ ಸಿಗುವ ಸಲಹೆಗಳೆಲ್ಲ ಒಣ ಹವೆಯ ಊರಿನವರು ಒಣ ಹವೆಯ ಊರಿನವರಿಗಾಗಿ ಹೇಳಿದಂಥವು. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಮನೆಗಳಿಗೆ ಅವು ಸಾಲುವುದಿಲ್ಲ.

ಇದು ಎಲ್ಲಿಯ ಪ್ರಾಣಿ?

ಅಂಗಡಿಗಳಲ್ಲಿ ಸಿಗುವುದು ಮಂಗೋಲಿಯನ್ ಜರ್ಬಿಲ್. ಇಲಿ ಮತ್ತು ಹ್ಯಾಮ್‌ಸ್ಟರ್‌ಗಳಂತೆ ಇದೂ ದಂಶಕ, ಅಂದರೆ ಜೀವಮಾನವಿಡೀ ಬೆಳೆಯುವ ಬಾಚಿಹಲ್ಲುಗಳಿರುವ ಪ್ರಾಣಿ. ಮಂಗೋಲಿಯ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು, ಅರೆಮರುಭೂಮಿಗಳು ಇದರ ತವರು. ಅಲ್ಲಿ ಮಳೆ ತೀರಾ ಕಡಿಮೆ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ನೆಲದಡಿ ಸುರಂಗ ತೋಡಿ, ಕಾಳು ಕೂಡಿಟ್ಟು, ಕುಟುಂಬವಾಗಿ ಬದುಕುವುದು ಇವುಗಳ ಕ್ರಮ. 1935ರಲ್ಲಿ ಹಿಡಿದ 20 ಜೋಡಿಗಳು ಜಪಾನಿನ ಪ್ರಯೋಗಾಲಯಕ್ಕೆ ಹೋದವು. ಅವುಗಳ ಸಂತತಿಯಲ್ಲಿ ಕೆಲವು 1954ರಲ್ಲಿ ಅಮೆರಿಕಕ್ಕೆ ಬಂದವು. ಮನೆಗಳಲ್ಲಿ ಸಾಕುವ ರೂಢಿ ಹುಟ್ಟಿದ್ದು ಆ ಬಳಿಕ.

ಮೈಯಷ್ಟೇ ಉದ್ದದ ಬಾಲ, ಸುಮಾರು 60ರಿಂದ 100 ಗ್ರಾಂ ತೂಕ, ಮೂರು ನಾಲ್ಕು ವರ್ಷದ ಆಯುಸ್ಸು. ದೇಹವಿಡೀ ನೀರು ಉಳಿಸುವುದಕ್ಕೆಂದೇ ರೂಪುಗೊಂಡಿದೆ. ದಿನಕ್ಕೆ ಕೆಲವೇ ಮಿಲಿಲೀಟರ್ ನೀರು ಕುಡಿಯುತ್ತದೆ, ಮೂತ್ರ ಕೆಲವೇ ಹನಿ, ಹಿಕ್ಕೆ ಒಣ. ಹಾಗಾಗಿ ಇದರ ಪಂಜರ ಬೇರೆ ಇಲಿಗಳ ಪಂಜರದಷ್ಟು ನಾರುವುದಿಲ್ಲ. ಚಳಿಯನ್ನು ಇದು ತಡೆಯಬಲ್ಲದು, ತೇವವನ್ನು ತಡೆಯಲಾರದು. ಮಡಿಕೇರಿಯ ಡಿಸೆಂಬರ್ ರಾತ್ರಿಗೆ ಹೆದರಿ ಹೊದಿಕೆ ಹುಡುಕುವವರು ನಿಜವಾಗಿ ಎಚ್ಚರವಾಗಿರಬೇಕಾದದ್ದು ಜುಲೈ ತಿಂಗಳಲ್ಲಿ.

ಗಾಳಿಯ ತೇವ ಮೈಗೆ ಏನು ಮಾಡುತ್ತದೆ?

ಕಣ್ಣಿನ ಹಿಂದೆ ಇರುವ ಹಾರ್ಡೇರಿಯನ್ ಎಂಬ ಗ್ರಂಥಿ ಜರ್ಬಿಲ್‌ನಲ್ಲಿ ಜಿಡ್ಡಿನ ಸ್ರಾವವೊಂದನ್ನು ತಯಾರಿಸುತ್ತದೆ. ಅದು ಮೂಗಿನ ಮೂಲಕ ಹೊರಬರುತ್ತದೆ. ಪ್ರಾಣಿ ಮುಂಗಾಲುಗಳಿಂದ ಅದನ್ನು ಮೈಗೆಲ್ಲ ಸವರಿಕೊಳ್ಳುತ್ತದೆ. ತವರಿನ ಚಳಿಯಲ್ಲಿ ಈ ಜಿಡ್ಡು ಮೈಕಾವನ್ನು ಉಳಿಸುತ್ತದೆ. ಹೆಚ್ಚಾದಾಗ ಮರಳಿನಲ್ಲಿ ಹೊರಳಿದರೆ ಮುಗಿಯಿತು, ಮರಳು ಜಿಡ್ಡನ್ನು ಹೀರಿಕೊಂಡು ಉದುರುತ್ತದೆ.

ತೇವದ ಗಾಳಿಯಲ್ಲಿ ಈ ಏರ್ಪಾಡು ಕೆಡುತ್ತದೆ. ಜಿಡ್ಡು ಒಣಗುವುದಿಲ್ಲ, ಕೂದಲು ಅಂಟುತ್ತದೆ, ತುಪ್ಪಳದ ನಡುವೆ ಗಾಳಿಯ ಪದರ ನಿಲ್ಲುವುದಿಲ್ಲ. ಮೂಗಿನ ಬಳಿ ಉಳಿದ ಸ್ರಾವ ಚರ್ಮವನ್ನು ಉರಿಸುತ್ತದೆ. ಕೆರೆದುಕೊಂಡರೆ ಹುಣ್ಣಾಗಿ ಸೋಂಕು ತಗಲುತ್ತದೆ. ಈ ಸ್ರಾವದ ಬಣ್ಣವೇ ಕೆಂಪು. ನೋಡಿದವರು ರಕ್ತವೆಂದು ಗಾಬರಿಯಾಗುತ್ತಾರೆ, ಆದರೆ ಬಹಳ ಸಲ ಅದು ರಕ್ತವಲ್ಲ. ಜತೆಗೆ ಒದ್ದೆಯಾದ ಹಾಸಿನಲ್ಲಿ ಬೂಷ್ಟು ಹುಟ್ಟುತ್ತದೆ, ಅದರ ಕಣಗಳು ಶ್ವಾಸಕೋಶ ಸೇರುತ್ತವೆ.

ತೇವಾಂಶ ಎಷ್ಟಿರಬೇಕು? ಶೇಕಡಾ 30ರಿಂದ 50ರ ನಡುವೆ. ಈ ಶೇಕಡಾ ಲೆಕ್ಕವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಗಾಳಿ ನೀರಿನ ಆವಿಯನ್ನು ಹಿಡಿದಿಡುವ ಒಂದು ಪಾತ್ರೆ ಎಂದುಕೊಳ್ಳಿ. ಗಾಳಿ ಬಿಸಿಯಾದಷ್ಟೂ ಪಾತ್ರೆ ದೊಡ್ಡದಾಗುತ್ತದೆ, ತಣ್ಣಗಾದಷ್ಟೂ ಚಿಕ್ಕದಾಗುತ್ತದೆ. ಪಾತ್ರೆಯ ಎಷ್ಟು ಭಾಗ ತುಂಬಿದೆ ಎಂಬುದೇ ನಾವು ಹೇಳುವ ತೇವಾಂಶ. ಜುಲೈನಲ್ಲಿ ಮಡಿಕೇರಿಯ ಹೊರಗಿನ ಗಾಳಿಯಲ್ಲಿ ಅದು 90ನ್ನು ದಾಟಿರುತ್ತದೆ.

ಯಂತ್ರವಿಲ್ಲದೆಯೂ ಇದನ್ನು ಅಂದಾಜು ಮಾಡಬಹುದು. ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿ. ಶುದ್ಧ ಉಪ್ಪು ಗಾಳಿಯಿಂದ ನೀರು ಹೀರಿ ಕರಗತೊಡಗುವುದು ತೇವಾಂಶ ಸುಮಾರು 75 ದಾಟಿದಾಗ. ಉಪ್ಪು ನೀರಾಗಿದೆ ಎಂದರೆ ಜರ್ಬಿಲ್‌ಗೆ ಬೇಕಾದ ಮಿತಿಯನ್ನು ಮನೆ ಎಂದೋ ಮೀರಿದೆ. ಹುರಿದಿಟ್ಟ ಹಪ್ಪಳ ಮೆತ್ತಗಾಗುವುದು, ಕಪಾಟಿನ ಚಪ್ಪಲಿಗೆ ಬೂಷ್ಟು ಬರುವುದು ಇವೆಲ್ಲ ಅದೇ ಸುದ್ದಿ. ಆದರೂ ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ಪಂಜರದ ಪಕ್ಕ ಇಡುವುದು ನನ್ನ ಮಟ್ಟಿಗೆ ಚಕ್ರ, ಆಟಿಕೆಗಳಿಗಿಂತ ಮೊದಲು ಮಾಡಬೇಕಾದ ಖರ್ಚು.

ಕೋಣೆ ಬಿಸಿ ಮಾಡಿದರೆ ಸಾಲದೇ?

ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಲೆಯ ಹತ್ತಿರ ಇಡುವುದು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೂ ಅಲ್ಲೇ ತಾನೆ. ಆದರೆ ಹೊಗೆ ಇಷ್ಟು ಚಿಕ್ಕ ಶ್ವಾಸಕೋಶಕ್ಕೆ ತೇವಕ್ಕಿಂತಲೂ ಕೆಟ್ಟದ್ದು. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ಇಂಗಾಲದ ಮಾನಾಕ್ಸೈಡ್ ಸೇರಿ ಮನುಷ್ಯರಿಗೂ ಪ್ರಾಣಾಪಾಯ.

ವಿದ್ಯುತ್ ಹೀಟರ್? ಲೆಕ್ಕ ಹಾಕಿ ನೋಡೋಣ. ಹೊರಗೆ 20 ಡಿಗ್ರಿ ಸೆಲ್ಸಿಯಸ್, ತೇವಾಂಶ 95 ಇದೆ ಎನ್ನಿ. ಅದೇ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ಪಾತ್ರೆ ದೊಡ್ಡದಾಗಿ ತೇವಾಂಶ ಸುಮಾರು 70ಕ್ಕೆ ಇಳಿಯುತ್ತದೆ. 50ಕ್ಕೆ ತರಬೇಕಾದರೆ 31 ಡಿಗ್ರಿಯವರೆಗೆ ಬಿಸಿ ಮಾಡಬೇಕು. ಜರ್ಬಿಲ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ, 30 ದಾಟಿದರೆ ಸೆಕೆಯ ಆಘಾತದ ಭಯ. ಬಿಸಿಯೊಂದರಿಂದಲೇ ಈ ಸಮಸ್ಯೆ ಬಗೆಹರಿಯುವುದಿಲ್ಲ ಎಂದಾಯಿತು. ಪಾತ್ರೆಯೊಳಗಿನ ನೀರನ್ನೇ ಹೊರತೆಗೆಯಬೇಕು.

ಆ ಕೆಲಸ ಮಾಡುವ ಯಂತ್ರಕ್ಕೆ ಡಿಹ್ಯುಮಿಡಿಫೈಯರ್ ಎಂದು ಹೆಸರು. ಗಾಳಿಯನ್ನು ತಣ್ಣನೆಯ ಸುರುಳಿಯ ಮೇಲೆ ಹಾಯಿಸಿ, ಅದರಲ್ಲಿರುವ ಆವಿಯನ್ನು ನೀರಾಗಿಸಿ ಕೆಳಗಿನ ಡಬ್ಬಿಗೆ ಇಳಿಸುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಕಟ್ಟುತ್ತದಲ್ಲ, ಅದೇ ಕ್ರಮ. ಮನೆಯ ಅತಿ ಚಿಕ್ಕ ಕೋಣೆಯನ್ನು ಆರಿಸಿ, ಕಿಟಕಿ ಬಾಗಿಲು ಮುಚ್ಚಿ ಹಚ್ಚಿದರೆ ಮಾತ್ರ ಇದರ ಪ್ರಯೋಜನ. ಹಂಚಿನ ಸಂದಿಯಿಂದ ಗಾಳಿಯಾಡುವ ಹಳೆಯ ಮನೆಯಲ್ಲಿ, ತೆರೆದ ಜಗಲಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ವ್ಯರ್ಥ. ಬೀರುವಿನಲ್ಲಿಡುವ ಸಿಲಿಕಾ ಜೆಲ್, ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಇಡೀ ಕೋಣೆಗೆ ಸಾಲವು. ಇಟ್ಟರೂ ಜರ್ಬಿಲ್‌ನ ಹಲ್ಲಿಗೆ ಸಿಗದಷ್ಟು ದೂರದಲ್ಲಿಡಬೇಕು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೊಡಗೆಲ್ಲ ಒಂದೇ ಅಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಸ್ವಲ್ಪ ಎಚ್ಚರ ವಹಿಸಿದರೆ ಸಾಕಬಹುದು. ಮಡಿಕೇರಿಯಲ್ಲಿ ಯಂತ್ರ ಬೇಕು. ಭಾಗಮಂಡಲದ ಸುತ್ತ, ವಿದ್ಯುತ್ ದಿನಗಟ್ಟಲೆ ಹೋಗುವ ತೋಟದ ಮನೆಯಲ್ಲಿ, ಯಂತ್ರವೂ ಇಲ್ಲ ಎಂದಾದರೆ ಜರ್ಬಿಲ್ ತರಬೇಡಿ. ಈಗಾಗಲೇ ತಂದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಸೀಮೆಯಲ್ಲಿರುವ ಬಂಧುಗಳ ಮನೆಗೆ ಕಳಿಸುವುದು ಅವುಗಳಿಗೆ ಮಾಡುವ ದೊಡ್ಡ ಉಪಕಾರ.

ತೊಟ್ಟಿ, ಹಾಸು, ಮರಳು

ಸರಳಿನ ಪಂಜರಕ್ಕಿಂತ ಗಾಜಿನ ತೊಟ್ಟಿ ವಾಸಿ, ಏಕೆಂದರೆ ಸುರಂಗ ತೋಡುವುದು ಜರ್ಬಿಲ್‌ಗೆ ಆಟವಲ್ಲ, ಹಸಿವಿನಷ್ಟೇ ಬಲವಾದ ಪ್ರವೃತ್ತಿ. ತೋಡಲು ಜಾಗವಿಲ್ಲದಿದ್ದರೆ ಮೂಲೆಯನ್ನೇ ಗಂಟೆಗಟ್ಟಲೆ ಕೆರೆಯುತ್ತಿರುತ್ತದೆ. ಜೋಡಿಗೆ ಕನಿಷ್ಠ 80 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ ಬೇಕು. ಹಾಸು 25ರಿಂದ 30 ಸೆಂ.ಮೀ. ಆಳವಿರಲಿ. ನೀರು ಸೋರಿ ಮೂಲೆ ಸೇರಿದ ಹಳೆಯ ಮೀನಿನ ತೊಟ್ಟಿಯೂ ಆದೀತು, ಮೇಲೆ ಬಿಗಿಯಾದ ಕಬ್ಬಿಣದ ಜಾಲರಿಯ ಮುಚ್ಚಳ ಬೇಕು. ಪ್ಲಾಸ್ಟಿಕ್ ವಸ್ತುಗಳನ್ನು ಒಳಗಿಡಬೇಡಿ, ಕಡಿದು ನುಂಗಿದರೆ ಕರುಳು ಕಟ್ಟುತ್ತದೆ. ಓಡುವ ಚಕ್ರ ಕಡ್ಡಿಗಳದ್ದಾಗಿರಬಾರದು, ಸುಮಾರು 28 ಸೆಂ.ಮೀ. ವ್ಯಾಸದ, ಸಂದಿಗಳಿಲ್ಲದ ಗಟ್ಟಿ ಹಲಗೆಯದಾಗಿರಬೇಕು. ತೊಟ್ಟಿಯನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿಡಿ.

ಹಾಸಿಗೆ ಏನು? ಇಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುವುದೆಲ್ಲ ಅಪಾಯಕಾರಿ. ಮರದ ಮಿಲ್ಲಿನ ಪುಡಿಯಲ್ಲಿ ದೂಳು ಹೆಚ್ಚು, ಮರಕ್ಕೆ ಔಷಧಿ ಹೊಡೆದಿದ್ದರೆ ಅದೂ ಸೇರಿರುತ್ತದೆ. ಭತ್ತದ ಹೊಟ್ಟು ಮೊನಚು. ಗದ್ದೆಯ ಹುಲ್ಲು ಬೇಸಿಗೆಯಲ್ಲಿ ಒಳ್ಳೆಯದು, ಮಳೆ ಹಿಡಿದ ಮೇಲೆ ಹುಲ್ಲಿನ ಮೆದೆಯಿಂದ ಎಳೆದದ್ದು ಬೂಷ್ಟಿನ ಗೂಡು. ಸಾಕುಪ್ರಾಣಿಗಳಿಗೆಂದೇ ಬರುವ ಕಾಗದದ ಹಾಸು, ಜತೆಗೆ ಒಣಹುಲ್ಲು, ಬಣ್ಣ ಹಚ್ಚದ ರಟ್ಟು, ಮೊಟ್ಟೆಯ ತಟ್ಟೆ ಇವು ಸಾಕು. ಮಾರ್ಚ್, ಏಪ್ರಿಲ್ ತಿಂಗಳಲ್ಲೇ ಒಣಹುಲ್ಲು ಸಂಗ್ರಹಿಸಿ ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವ ಮನೆಗಳಿಗೆ ಇದು ಹೊಸ ಅಭ್ಯಾಸವೇನಲ್ಲ. ಆಳದ ಹಾಸಿನ ತಳವನ್ನು ವಾರಕ್ಕೊಮ್ಮೆ ಕೈ ಹಾಕಿ ಮುಟ್ಟಿ ನೋಡಿ. ತಣ್ಣಗೆ, ಮುಗ್ಗಲು ವಾಸನೆಯಿದ್ದರೆ ಆ ಭಾಗ ತೆಗೆಯಿರಿ. ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ತಮ್ಮದೇ ವಾಸನೆ ಕಳೆದುಕೊಂಡು ಅವು ಗಲಿಬಿಲಿಗೊಳ್ಳುತ್ತವೆ, ಮೂರನೇ ಒಂದು ಭಾಗ ಹಳೆಯದನ್ನು ಉಳಿಸಿ.

ಮರಳಿನ ಸ್ನಾನ ಬಿಡುವಂತಿಲ್ಲ. ನೀರಿನಲ್ಲಿ ಮಾತ್ರ ಎಂದೂ ಸ್ನಾನ ಮಾಡಿಸಬಾರದು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಜಲ್ಲಿ ಪುಡಿಮಾಡಿದ್ದು, ಅದರ ದೂಳು ಹರಿತ, ಬೇಡ. ನುಣುಪಾದ ಹೊಳೆಮರಳನ್ನು ತೊಳೆದು, ಜರಡಿ ಹಿಡಿದು, ಕಬ್ಬಿಣದ ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿಸಿ ಒಂದು ಭಾರವಾದ ಮಣ್ಣಿನ ಬಟ್ಟಲಲ್ಲಿಡಿ. ಬೇಸಿಗೆಯಲ್ಲಿ ಒಮ್ಮೆ ಹುರಿದರೆ ಬಹಳ ದಿನ ಬರುತ್ತದೆ. ಕಕ್ಕಡದ, ಅಂದರೆ ಜುಲೈ ಆಗಸ್ಟ್ ನಡುವಿನ, ಮಳೆಯಲ್ಲಿ ನಾನು ಎರಡು ಬಟ್ಟಲು ಮರಳನ್ನು ಸರದಿಯಲ್ಲಿ ಹುರಿಯುತ್ತೇನೆ, ದಿನ ಬಿಟ್ಟು ದಿನ. ನಮ್ಮ ಜೋಡಿಯ ತುಪ್ಪಳ ತಿಳಿಯಾದದ್ದು ಡಿಹ್ಯುಮಿಡಿಫೈಯರ್ ಮತ್ತು ಈ ಬಾಣಲೆ ಎರಡೂ ಸೇರಿದ ಮೇಲೆ.

ಏನು ತಿನ್ನಿಸಬೇಕು, ಏನು ಕೂಡದು

ಮೂಲ ಆಹಾರ ಕಾಳುಗಳು: ನವಣೆ, ರಾಗಿ, ಗೋಧಿ, ಓಟ್ಸ್, ಜೋಳದ ಮಿಶ್ರಣ, ಜತೆಗೆ ಒಣಹುಲ್ಲು. ಒಂದಕ್ಕೆ ದಿನಕ್ಕೆ ಸುಮಾರು ಒಂದು ದೊಡ್ಡ ಚಮಚ ಸಾಕು. ಸೂರ್ಯಕಾಂತಿ, ಕುಂಬಳದ ಬೀಜಗಳನ್ನು ಎರಡು ಮೂರು ಮಾತ್ರ ಕೊಡಿ. ಅವುಗಳಲ್ಲಿ ಕೊಬ್ಬು ಹೆಚ್ಚು, ಜರ್ಬಿಲ್ ಅವನ್ನೇ ಆಯ್ದು ತಿಂದು ಉಳಿದದ್ದನ್ನು ಬಿಡುತ್ತದೆ. ಬಟ್ಟಲು ಖಾಲಿಯಾದ ಮೇಲಷ್ಟೇ ಮತ್ತೆ ತುಂಬಿಸಿದರೆ ಎಲ್ಲವನ್ನೂ ತಿನ್ನುತ್ತದೆ. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಚೂರು, ಉಗುರಿನಷ್ಟು ಕ್ಯಾರೆಟ್ ಅಥವಾ ಸೌತೆಕಾಯಿ ಸಾಕು. ಹಸಿ ತರಕಾರಿ ಜಾಸ್ತಿಯಾದರೆ ಭೇದಿ, ಇಷ್ಟು ಚಿಕ್ಕ ದೇಹಕ್ಕೆ ಭೇದಿ ಒಂದೇ ದಿನದಲ್ಲಿ ಮಾರಕವಾಗಬಹುದು. ನೀರು ಯಾವಾಗಲೂ ಬಾಟಲಿಯಲ್ಲಿರಲಿ. ಅದು ತೊಟ್ಟಿಕ್ಕದಂತೆ ನೋಡಿಕೊಳ್ಳಿ.

ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಅಡುಗೆಮನೆಯ ಪಟ್ಟಿ ಇನ್ನೂ ಉದ್ದ. ಮಳೆಗಾಲದಲ್ಲಿ ನಾವು ತಿನ್ನುವ ಕಣಿಲೆ (ಎಳೆಬಿದಿರು), ಕೆಸು, ಕಾಡು ಅಣಬೆ ಯಾವುದನ್ನೂ ಹಾಕಬೇಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಕೆಸುವಿನಲ್ಲಿ ಬಾಯಿ ತುರಿಸುವ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ನೆನೆಸಿ, ನೀರು ಬದಲಿಸಿ, ಹುಳಿ ಹಾಕಿ ಬೇಯಿಸಿ ತಿನ್ನುವುದನ್ನು ನಮ್ಮ ಅಜ್ಜಿಯರು ಕಲಿಸಿದ್ದು ಸುಮ್ಮನೆ ಅಲ್ಲ. ಹಸಿಯಾಗಿ ಕಡಿಯುವ ಪ್ರಾಣಿಗೆ ಆ ರಕ್ಷಣೆ ಇಲ್ಲ. ಕಿತ್ತಳೆಯ ಹುಳಿ ಒಗ್ಗದು. ಕಾಫಿ ಬೀಜದ ಕೆಫೀನ್ ಇಷ್ಟು ಹಗುರ ದೇಹಕ್ಕೆ ವಿಷ. ಮಳೆಯಲ್ಲಿ ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಇರಬಹುದು.

ಹಲ್ಲು ಸವೆಸಲು ಕಟ್ಟಿಗೆ ಬೇಕೇ ಬೇಕು, ಸವೆಯದ ಹಲ್ಲು ಬೆಳೆದು ಬಾಯಿ ಮುಚ್ಚಲಾರದಂತಾಗುತ್ತದೆ. ಆದರೆ ತೋಟದಿಂದ ಕಡ್ಡಿ ಮುರಿದು ತರಬೇಡಿ. ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅದು ಪಕ್ಕದ ಗಿಡಗಳ ತೊಗಟೆಗೂ ಅಂಟಿರುತ್ತದೆ. ಹಿತ್ತಲಿನಲ್ಲಿ ಔಷಧಿ ತಾಗದ ಸೀಬೆ ಮರವಿದ್ದರೆ ಅದರ ಕಡ್ಡಿ ತೊಳೆದು ಒಣಗಿಸಿ ಕೊಡಿ.

ಒಂಟಿ ಬೇಡ

ಜರ್ಬಿಲ್ ಕುಟುಂಬಜೀವಿ, ಒಂಟಿಯಾದರೆ ಮಂಕಾಗುತ್ತದೆ. ಒಂದೇ ತಾಯಿಯ ಎರಡು ಗಂಡುಗಳನ್ನು ತರುವುದು ಎಲ್ಲಕ್ಕಿಂತ ಸುಲಭ. ಗಂಡು ಹೆಣ್ಣು ಜತೆಯಿದ್ದರೆ ಗರ್ಭಧಾರಣೆಯ ಅವಧಿ 24ರಿಂದ 26 ದಿನ ಮಾತ್ರ, ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಅಪರಿಚಿತ ಎರಡನ್ನು ಒಮ್ಮೆಲೇ ಕೂಡಿಸಿದರೆ ಸಾಯುವವರೆಗೆ ಕಚ್ಚಾಡುತ್ತವೆ. ನಡುವೆ ಜಾಲರಿ ಕಟ್ಟಿ, ದಿನವೂ ಬದಿ ಅದಲುಬದಲು ಮಾಡಿ, ವಾಸನೆ ಪರಿಚಯವಾದ ಮೇಲೆಯೇ ಸೇರಿಸಬೇಕು.

ಬಾಲ ಹಿಡಿಯಬೇಡಿ, ಗುಂಡಿನ ಸದ್ದಿನಿಂದ ದೂರವಿಡಿ

ಜರ್ಬಿಲ್‌ನ ಬಾಲದ ಚರ್ಮ ಕೈಗವಸಿನಂತೆ ಕಳಚಿಬರುತ್ತದೆ. ಹದ್ದು, ನರಿಗಳಿಂದ ತಪ್ಪಿಸಿಕೊಳ್ಳಲು ಪ್ರಕೃತಿ ಕೊಟ್ಟ ಉಪಾಯ ಅದು. ಚರ್ಮ ಹೋದ ಭಾಗ ಒಣಗಿ ಬೀಳುತ್ತದೆ, ಮತ್ತೆ ಬೆಳೆಯುವುದಿಲ್ಲ. ಮಕ್ಕಳಿಗೆ ಮೊದಲ ದಿನವೇ ತೋರಿಸಿಕೊಡಿ: ನೆಲದ ಮೇಲೆ ಕುಳಿತು, ಎರಡೂ ಅಂಗೈ ಬೊಗಸೆ ಮಾಡಿ, ಕೆಳಗಿನಿಂದ ಎತ್ತಬೇಕು. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಕಾಲಿನಂತೆ ಕಾಣುತ್ತದೆ.

ಇನ್ನೊಂದು ವಿಷಯ ನೋಡಿದವರನ್ನು ಬೆಚ್ಚಿಬೀಳಿಸುತ್ತದೆ. ಐದರಲ್ಲಿ ಒಂದೆರಡು ಜರ್ಬಿಲ್‌ಗಳಿಗೆ ಹುಟ್ಟಿನಿಂದಲೇ ಅಪಸ್ಮಾರದಂಥ ಸೆಳೆತದ ಸ್ವಭಾವವಿರುತ್ತದೆ. ಹಠಾತ್ ಸದ್ದು, ಹೊಸ ಜಾಗ, ಒರಟು ಹಿಡಿತದಿಂದ ಅದು ಕೆರಳುತ್ತದೆ. ಕಿವಿ ಮೀಸೆಗಳು ಅದುರಿ, ಮೈ ಸೆಟೆದು, ಸತ್ತಂತೆ ಬೀಳಬಹುದು. ಆಗ ಮುಟ್ಟಬೇಡಿ, ನೀರು ಹಾಕಬೇಡಿ. ಬೆಳಕು ಕಡಿಮೆ ಮಾಡಿ ಸುಮ್ಮನಿದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಎದ್ದು ಕೂರುತ್ತದೆ. ಕೊಡಗಿನಲ್ಲಿ ಇದಕ್ಕೆ ಪ್ರತ್ಯೇಕ ಮಹತ್ವವಿದೆ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಪುತ್ತರಿ ಹಬ್ಬಕ್ಕೆ ಕದಿರು ತೆಗೆಯುವಾಗ ಗಾಳಿಯಲ್ಲಿ ಗುಂಡು, ವರ್ಷವಿಡೀ ಕಾಡಾನೆ ಓಡಿಸುವ ಪಟಾಕಿ. ಆ ದಿನಗಳಲ್ಲಿ ತೊಟ್ಟಿಯನ್ನು ಒಳಕೋಣೆಗೆ ಸರಿಸಿ, ಸುತ್ತ ಕಂಬಳಿ ಹಾಕಿ, ಮೇಲಿನ ಜಾಲರಿಯ ಮೇಲೆ ಮಾತ್ರ ಕಂಬಳಿ ಬೇಡ. ಹಿಂಗಾಲಿನಿಂದ ನೆಲವನ್ನು ಡಬಡಬ ಬಡಿಯುವುದು ಕೇಳಿದರೆ ಅದು ತನ್ನವರಿಗೆ ಅಪಾಯ ಸಾರುತ್ತಿದೆ ಎಂದು ತಿಳಿಯಿರಿ.

ಮನೆಯ ಇಲಿ, ಇರುವೆ, ಹಾವು

ಹಂಚಿನ ಮನೆಯ ಅಟ್ಟದ ಇಲಿಗಳು ಜರ್ಬಿಲ್‌ಗೆ ಗೆಳೆಯರಲ್ಲ. ಅವುಗಳ ಮೂತ್ರದಿಂದ ಇಲಿ ಜ್ವರದ ರೋಗಾಣು ಹರಡುತ್ತದೆ. ಅವುಗಳ ಹಿಕ್ಕೆಯಿಂದ ಟೈಜರ್ಸ್ ಎಂಬ ಕರುಳು ಯಕೃತ್ತಿನ ರೋಗವೂ ಬರಬಹುದು, ಜರ್ಬಿಲ್‌ಗಳು ಅದಕ್ಕೆ ಬಹಳ ಸುಲಭವಾಗಿ ಬಲಿಯಾಗುತ್ತವೆ. ಆದ್ದರಿಂದ ಕಾಳನ್ನು ಸ್ಟೀಲ್ ಡಬ್ಬಿಯಲ್ಲಿಡಿ. ಇಲಿ ಪಾಷಾಣ ಆ ಕೋಣೆಯ ಹತ್ತಿರ ಬೇಡ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಏರುವುದಿಲ್ಲ. ಜಾಲರಿಯ ಕಣ್ಣು ಅರ್ಧ ಸೆಂಟಿಮೀಟರಿಗಿಂತ ದೊಡ್ಡದಾಗದಿದ್ದರೆ ಹಾವಿನ ಚಿಂತೆಯೂ ಕಡಿಮೆ. ಸಾಕಲಾಗದೆ ತೋಟಕ್ಕೆ ಬಿಡುವ ಯೋಚನೆ ಮಾತ್ರ ಯಾರಿಗೂ ಬಾರದಿರಲಿ. ಮೊದಲ ಮಳೆಯಲ್ಲಿ ಮೈ ನೆಂದು, ಅಥವಾ ಮೊದಲ ರಾತ್ರಿಯೇ ಗೂಬೆಗೆ ಸಿಕ್ಕಿ ಅದು ಸಾಯುತ್ತದೆ.

ಕಾಯಿಲೆಯನ್ನು ಮೊದಲೇ ಕಾಣುವುದು

ಬೇಟೆಗೆ ಸಿಕ್ಕುವ ಪ್ರಾಣಿಗಳು ನೋವನ್ನು ಮರೆಮಾಚುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯ ತಕ್ಕಡಿ. ಏಲಕ್ಕಿ, ಮೆಣಸು ತೂಗುವ ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. 80 ಗ್ರಾಂ ಇದ್ದದ್ದು 72ಕ್ಕೆ ಇಳಿದರೆ ಅದು ಹತ್ತರಲ್ಲೊಂದು ಭಾಗ, ಅಂದೇ ವೈದ್ಯರನ್ನು ಕಾಣಬೇಕು. ಉಸಿರಾಡುವಾಗ ಟಿಕ್ ಟಿಕ್ ಸದ್ದು, ಗೂನು ಹಾಕಿ ಕೂರುವುದು, ಬಾಲದ ಬುಡ ಒದ್ದೆಯಾಗಿರುವುದು, ತಲೆ ಒಂದು ಬದಿಗೆ ವಾಲುವುದು ಕೂಡ ಕಾಯುವ ಲಕ್ಷಣಗಳಲ್ಲ. ಹೊಟ್ಟೆಯ ನಡುವೆ ಕೂದಲಿಲ್ಲದ ಹಳದಿ ಪಟ್ಟಿ ಕಂಡರೆ ಹೆದರಬೇಡಿ, ಅದು ಗುರುತಿನ ವಾಸನೆ ಬಿಡುವ ಗ್ರಂಥಿ. ವಯಸ್ಸಾದವುಗಳಲ್ಲಿ ಅದು ಊದಿದರೆ, ಹುಣ್ಣಾದರೆ ಗಡ್ಡೆ ಇರಬಹುದು.

ಮನೆಯಲ್ಲಿರುವ ಮಾತ್ರೆಯನ್ನು ಅರೆದು ಕೊಡುವುದು ಬೇಡ. ದನಗಳಿಗೆ ತಂದಿಟ್ಟ ಔಷಧಿಯನ್ನಂತೂ ಮುಟ್ಟಲೇಬಾರದು. ಸ್ಟ್ರೆಪ್ಟೊಮೈಸಿನ್ ಜರ್ಬಿಲ್‌ಗೆ ಮಾರಕವಾಗಬಲ್ಲದು. ದನ, ನಾಯಿಗಳನ್ನು ನೋಡಿ ಪಳಗಿದ ಪಶುವೈದ್ಯರೆಲ್ಲರಿಗೂ ಜರ್ಬಿಲ್ ನೋಡಿದ ಅನುಭವ ಇರುವುದಿಲ್ಲ. ಚಿಕ್ಕ ದಂಶಕಗಳನ್ನು ನೋಡುವ ವೈದ್ಯರು ಮೈಸೂರು ಅಥವಾ ಬೆಂಗಳೂರಿನಲ್ಲಿ ಯಾರಿದ್ದಾರೆ ಎಂದು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ನಂಬರ್ ಬರೆದಿಡಿ.

ಮೇ ತಿಂಗಳೇ ಇದಕ್ಕೆಲ್ಲ ಸರಿಯಾದ ಕಾಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳು ಮುಚ್ಚಿದ್ದನ್ನು ಕಂಡವರಿಗೆ ಮಳೆಯ ನಡುವೆ ಘಟ್ಟ ಇಳಿಯುವುದನ್ನು ನೆಚ್ಚಿಕೊಳ್ಳಲಾಗದು ಎಂದು ಗೊತ್ತು. ಗಾಳಿ ಕಿಂಡಿಗಳಿರುವ ಚಿಕ್ಕ ಗಟ್ಟಿ ಪೆಟ್ಟಿಗೆಯೊಂದರಲ್ಲಿ ಒಣ ಹಾಸು, ಹತ್ತು ದಿನದ ಕಾಳು, ಹುರಿದ ಮರಳಿನ ಪೊಟ್ಟಣ, ನೀರಿನ ಬಾಟಲಿ ತುಂಬಿ ಬಾಗಿಲ ಬಳಿ ಇಡಿ. ನಮ್ಮ ಮನೆಯಲ್ಲಿ ಅದು ಟಾರ್ಚ್ ಮತ್ತು ಕೊಡೆಗಳ ಪಕ್ಕದಲ್ಲಿದೆ. ಹೊರಡಬೇಕಾಗಿ ಬಂದರೆ ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ, ಹಳೆಯ ಗೂಡಿನ ಒಂದು ಹಿಡಿ ಹಾಸನ್ನು ಮರೆಯದೆ ಜತೆಗಿಡಿ, ಆ ವಾಸನೆಯಿದ್ದರೆ ಹೊಸ ಜಾಗದಲ್ಲಿಯೂ ಅವು ಬೇಗ ನಿದ್ದೆ ಹೋಗುತ್ತವೆ.